ದೂರದಲ್ಲಿರುವ ಮಕ್ಕಳ ಪದವಿ ಸಂಭ್ರಮವನ್ನು ದಾವಣಗೆರೆಯ ಮನೆಯಲ್ಲಿ ನಡೆಸುವ ಬಗೆ

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಮುಂದಿನ ಓದಿಗೆ ಅಮೆರಿಕಕ್ಕೋ ಜರ್ಮನಿಗೋ ಇಂಗ್ಲೆಂಡಿಗೋ ಹೋದ ಮಕ್ಕಳು ಈಗ ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಗಳ ಮನೆಗಳಲ್ಲಿ ಮಾತ್ರವಲ್ಲ, ಜಗಳೂರು, ಚನ್ನಗಿರಿಯ ಹಳ್ಳಿಗಳ ಮನೆಗಳಲ್ಲೂ ಇದ್ದಾರೆ. ಅವರ ಘಟಿಕೋತ್ಸವಕ್ಕೆ ವೀಸಾ ಮಾಡಿಸಿ, ವಿಮಾನದ ಖರ್ಚು ಭರಿಸಿ ಹೋಗಿಬರುವುದು ಎಲ್ಲ ತಂದೆತಾಯಿಗಳಿಗೂ ಸಾಧ್ಯವಾಗುವುದಿಲ್ಲ. ಅವರು ಹೋದರೂ ಅಜ್ಜಿ, ದೊಡ್ಡಪ್ಪ, ಸೋದರತ್ತೆಯರು ಊರಿನಲ್ಲೇ ಉಳಿಯುತ್ತಾರೆ. ದೂರವೆಂದರೆ ಹೊರದೇಶವೇ ಆಗಬೇಕೆಂದಿಲ್ಲ. ಬೆಳಗಾವಿಯ ಜ್ಞಾನಸಂಗಮದಲ್ಲಿ ನಡೆಯುವ ವಿ.ಟಿ.ಯು. ಘಟಿಕೋತ್ಸವಕ್ಕೂ ಇಡೀ ಬಳಗವನ್ನು ಕರೆದೊಯ್ಯಲು ಆಗುವುದಿಲ್ಲ. ಹೀಗಿರುವಾಗ ಮನೆಯಲ್ಲೇ ಕುಳಿತು, ವಿಡಿಯೊ ಕರೆಯ ಮೂಲಕ, ಬಂಧುಗಳು ಮತ್ತು ಗೆಳೆಯರೆಲ್ಲ ಸೇರಿ ಆ ಸಂತೋಷವನ್ನು ಹಂಚಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೇ ಒಂದು ತೀರ್ಮಾನ ಮಾಡಿಕೊಳ್ಳುವುದು ಒಳ್ಳೆಯದು. ಘಟಿಕೋತ್ಸವವನ್ನು ನೋಡುವುದು ಬೇರೆ, ಮನೆಯವರು ಕೂಡಿ ಸಂಭ್ರಮಿಸುವುದು ಬೇರೆ. ಎರಡನ್ನೂ ಒಂದೇ ಹೊತ್ತಿಗೆ ಮಾಡಲು ಹೋದರೆ ನೇರಪ್ರಸಾರದಲ್ಲಿ ಮಗಳ ಹೆಸರು ಬರುವ ಹೊತ್ತಿಗೆ ಚಿಕ್ಕಪ್ಪನವರು ಕರೆಯಲ್ಲಿ ಮಾತನಾಡುತ್ತಿರುತ್ತಾರೆ, ಮಗಳಂತೂ ಸಭಾಂಗಣದ ಗದ್ದಲದಲ್ಲಿ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ಪ್ರಸಾರವನ್ನು ಆ ದಿನವೇ ಸುಮ್ಮನೆ ಕುಳಿತು ನೋಡಿ, ಮನೆಯ ಕಾರ್ಯಕ್ರಮವನ್ನು ಒಂದೆರಡು ದಿನ ಬಿಟ್ಟು ಇಟ್ಟುಕೊಳ್ಳಬೇಕು.

ನೇರಪ್ರಸಾರ ನೋಡುವ ಮುನ್ನ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಮಾರಂಭಗಳಿರುತ್ತವೆ. ಇಡೀ ವಿಶ್ವವಿದ್ಯಾಲಯದ ದೊಡ್ಡ ಸಮಾರಂಭದಲ್ಲಿ ಭಾಷಣಗಳಿರುತ್ತವೆ, ಆದರೆ ಸಾವಿರಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯುವುದು ಕಡಿಮೆ. ಹೆಸರು ಕೂಗಿ ವೇದಿಕೆಗೆ ಕರೆಯುವುದು ಬಹುಮಟ್ಟಿಗೆ ಆಯಾ ಕಾಲೇಜು ಅಥವಾ ವಿಭಾಗದ ಪ್ರತ್ಯೇಕ ಸಮಾರಂಭದಲ್ಲಿ. ಹೆಸರು ಕೂಗುವುದು ಯಾವುದರಲ್ಲಿ, ಅದರ ಪ್ರಸಾರ ಎಲ್ಲಿ ಬರುತ್ತದೆ, ತನ್ನ ಸರದಿ ಸುಮಾರು ಎಷ್ಟು ಹೊತ್ತಿಗೆ ಎಂಬ ಮೂರು ವಿಷಯಗಳನ್ನು ಮಗಳೇ ಮೊದಲು ಬರೆದು ತಿಳಿಸಬೇಕು. ಇಲ್ಲವಾದರೆ ಮನೆಮಂದಿಯೆಲ್ಲ ಮೂರು ಗಂಟೆ ಬೇರೆಯದೇ ಸಮಾರಂಭವನ್ನು ನೋಡಿ ಮಲಗಬೇಕಾಗುತ್ತದೆ.

ಹೆಸರಿನ ಉಚ್ಚಾರಣೆಯ ವಿಷಯವನ್ನು ಕಡೆಗಣಿಸಬಾರದು. ಅನೇಕ ವಿಶ್ವವಿದ್ಯಾಲಯಗಳು ಪದವೀಧರರ ಹೆಸರನ್ನು ಅವರ ದನಿಯಲ್ಲೇ ಮುದ್ರಿಸಿ ಕಳುಹಿಸಲು ಅಥವಾ ಚೀಟಿಯಲ್ಲಿ ಉಚ್ಚಾರಣೆಯನ್ನು ಬರೆದು ಕೊಡಲು ಹೇಳುತ್ತವೆ. ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿ, ದಾವಣಗೆರೆಯ ಹಾಲೇಶಪ್ಪ ಎಂಬ ಹೆಸರುಗಳು ಅಲ್ಲಿನ ಪ್ರಾಧ್ಯಾಪಕರ ಬಾಯಲ್ಲಿ ಏನಾಗುತ್ತವೆಂದು ಊಹಿಸುವುದು ಕಷ್ಟವಲ್ಲ. ತಂದೆಯ ಹೆಸರೇ ಕೊನೆಯ ಹೆಸರಾಗಿ ಪಾಸ್‌ಪೋರ್ಟಿನಲ್ಲಿ ಸೇರಿದ್ದರೆ ಮನೆಯವರಿಗೆ ಕೂಗಿದ್ದು ಯಾರನ್ನು ಎಂಬುದೇ ತಿಳಿಯದೆ ಹೋಗಬಹುದು. ಆ ಮುದ್ರಣವನ್ನು ನಿಧಾನವಾಗಿ, ಪದ ಬಿಡಿಸಿ ಮಾಡಲು ಮಕ್ಕಳಿಗೆ ನೆನಪಿಸಿ. ಅಲ್ಲಿ ವೇದಿಕೆಯ ಮೇಲೆ ಕೊಡುವುದು ಬಹಳಷ್ಟು ಕಡೆ ಖಾಲಿ ಹೊದಿಕೆ ಮಾತ್ರ, ಪದವಿ ಪತ್ರವು ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಬರುತ್ತದೆ ಎಂಬುದನ್ನೂ ಹಿರಿಯರಿಗೆ ಮೊದಲೇ ಹೇಳಿಬಿಟ್ಟರೆ "ಸರ್ಟಿಫಿಕೇಟ್ ತೋರಿಸು" ಎಂಬ ಒತ್ತಾಯ ಬರುವುದಿಲ್ಲ. ಇನ್ನು, ಪ್ರಸಾರವು ನಿಜವಾದ ಹೊತ್ತಿಗಿಂತ ಹಲವು ಸೆಕೆಂಡುಗಳಷ್ಟು ತಡವಾಗಿ ಬರುವುದರಿಂದ, ಸಭಾಂಗಣದಲ್ಲಿರುವ ಗೆಳೆಯರಿಂದ ಅದೇ ಸಮಯದಲ್ಲಿ ಫೋನ್ ಮಾಡಿಸಿಕೊಳ್ಳಬೇಡಿ. ತೆರೆಯ ಮೇಲೆ ಬರುವ ಮೊದಲೇ ಸುದ್ದಿ ಗೊತ್ತಾಗಿ ರುಚಿ ಕೆಡುತ್ತದೆ.

ದಿನ ಮತ್ತು ಹೊತ್ತು

ಮನೆಯ ಕಾರ್ಯಕ್ರಮಕ್ಕೆ ಶನಿವಾರ ಸಂಜೆ 7.30 ಎಲ್ಲಕ್ಕಿಂತ ಅನುಕೂಲವಾದ ಹೊತ್ತು. ಮೇ ತಿಂಗಳಿನಲ್ಲಿ ನಮ್ಮ ಸಂಜೆ 7.30 ಎಂದರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10, ಷಿಕಾಗೊ ಮತ್ತು ಡಲ್ಲಾಸಿನಲ್ಲಿ 9, ಕ್ಯಾಲಿಫೋರ್ನಿಯದಲ್ಲಿ 7. ಲಂಡನ್ನಿನಲ್ಲಿ ಮಧ್ಯಾಹ್ನ 3, ಜರ್ಮನಿಯಲ್ಲಿ 4, ದುಬೈಯಲ್ಲಿ ಸಂಜೆ 6. ಸಿಡ್ನಿಯಲ್ಲಿ ಮಾತ್ರ ಆಗ ನಡುರಾತ್ರಿ 12. ಅಲ್ಲಿರುವ ಅಕ್ಕನಿಂದ ಮೊದಲೇ ವಿಡಿಯೊ ಮಾಡಿಸಿಕೊಳ್ಳುವುದೇ ಮೇಲು. ಡಿಸೆಂಬರಿನಲ್ಲಿ ಪದವಿ ಮುಗಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಮೆರಿಕದವರು ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ಇಡುವುದರಿಂದ, ಚಳಿಗಾಲದಲ್ಲಿ ಅಂತರ ಒಂದು ಗಂಟೆ ಹೆಚ್ಚಾಗಿ ಕ್ಯಾಲಿಫೋರ್ನಿಯದವರು 6 ಗಂಟೆಗೇ ಏಳಬೇಕಾಗುತ್ತದೆ.

ಮನೆಯ ಹಿರಿಯರು ಪಂಚಾಂಗ ನೋಡುವವರಾದರೆ ಭಾನುವಾರ ಸಂಜೆ 4.30ರಿಂದ 6ರವರೆಗೆ ರಾಹುಕಾಲವೆಂದು ಆಕ್ಷೇಪಿಸುತ್ತಾರೆ. ಶನಿವಾರದ ರಾಹುಕಾಲ ಬೆಳಿಗ್ಗೆ 9ರಿಂದ 10.30ಕ್ಕೆ ಮುಗಿದಿರುವುದರಿಂದ ಸಂಜೆಗೆ ಯಾರ ತಕರಾರೂ ಇರುವುದಿಲ್ಲ.

ಆಹ್ವಾನವನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕಳುಹಿಸಬೇಕು. ಉದಾಹರಣೆಗೆ ಹೀಗೆ:

"ನಮ್ಮ ಮಗಳು ಎಂ.ಎಸ್. ಪದವಿ ಪಡೆದ ಸಂತೋಷಕ್ಕೆ ಬರುವ ಶನಿವಾರ ಸಂಜೆ, ಭಾರತದ ಸಮಯ 7.30ಕ್ಕೆ, ಬಂಧುಗಳೆಲ್ಲ ವಿಡಿಯೊ ಕರೆಯಲ್ಲಿ ಸೇರುತ್ತಿದ್ದೇವೆ. 7.25ಕ್ಕೇ ಕೆಳಗಿನ ಲಿಂಕ್ ಒತ್ತಿ ಒಳಗೆ ಬರಬೇಕು. 8.05ಕ್ಕೆ ಕಾರ್ಯಕ್ರಮ ಮುಗಿಯುತ್ತದೆ. ಒಂದು ಮನೆಗೆ ಒಂದೇ ಫೋನ್ ಸಾಕು. ತಾವೆಲ್ಲರೂ ಬಂದು ಮಗಳನ್ನು ಹರಸಬೇಕೆಂದು ಕೋರುತ್ತೇವೆ."

ಲಿಂಕನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಬಾರದು. ಕರೆದವರಿಗಷ್ಟೇ ಒಬ್ಬೊಬ್ಬರಿಗೂ ಕಳುಹಿಸಬೇಕು. ಮುಗಿಯುವ ಸಮಯವನ್ನು ಬರೆಯುವುದು ಒರಟುತನವೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಅದೊಂದು ಸಾಲು ಇದ್ದರೆ ಜನ ಹೊತ್ತಿಗೆ ಸರಿಯಾಗಿ ಬರುತ್ತಾರೆ.

ಯಾವ ಆ್ಯಪ್ ಸಾಕು

ಬಂಧುಗಳನ್ನು ತಲೆ ಲೆಕ್ಕದಲ್ಲಿ ಎಣಿಸದೆ ಮನೆ ಲೆಕ್ಕದಲ್ಲಿ ಎಣಿಸಿದರೆ ಈ ಪ್ರಶ್ನೆ ಸುಲಭವಾಗುತ್ತದೆ. ಒಂದು ಮನೆಯಲ್ಲಿ ಹತ್ತು ಜನ ಕುಳಿತರೂ ಅದು ಒಂದೇ ಸಂಪರ್ಕ. ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ 32 ಜನ ಸೇರಬಹುದು. ಹೊಸದಾಗಿ ಏನನ್ನೂ ಕಲಿಯಬೇಕಿಲ್ಲದ ಕಾರಣ ವಯಸ್ಸಾದವರಿಗೆ ಇದೇ ಸುಲಭ. ಅದಕ್ಕಿಂತ ಹೆಚ್ಚು ಮನೆಗಳಿದ್ದರೆ ಗೂಗಲ್ ಮೀಟ್ ಅಥವಾ ಜೂಮ್ ಬಳಸಬೇಕು. ಎರಡರಲ್ಲೂ ಹಣ ಕೊಡದೆ 100 ಸಂಪರ್ಕಗಳವರೆಗೆ ಅವಕಾಶವಿದೆ; ಗುಂಪು ಕರೆ ಮೀಟ್‌ನಲ್ಲಿ 60 ನಿಮಿಷಕ್ಕೆ, ಜೂಮ್‌ನಲ್ಲಿ 40 ನಿಮಿಷಕ್ಕೆ ನಿಲ್ಲುತ್ತದೆ. ಈ 40 ನಿಮಿಷದ ಮಿತಿಯನ್ನು ತೊಂದರೆಯೆಂದು ಭಾವಿಸಬೇಕಾಗಿಲ್ಲ. ವಿಡಿಯೊ ಕರೆಯಲ್ಲಿ ಜನರ ಗಮನ ಅಷ್ಟೇ ಹೊತ್ತು ನಿಲ್ಲುತ್ತದೆ, ಮಿತಿಯ ನೆಪದಲ್ಲಿ ಉದ್ದ ಭಾಷಣಗಳನ್ನು ಮೊಟಕುಗೊಳಿಸಲೂ ಬರುತ್ತದೆ. ಆದರೆ ಗಂಟೆ ಲೆಕ್ಕ ಕರೆ ತೆರೆದ ಗಳಿಗೆಯಿಂದ ಶುರುವಾಗುವುದರಿಂದ ತುಂಬ ಮೊದಲೇ ತೆರೆದು ಕೂರಬಾರದು.

ಯೂಟ್ಯೂಬ್ ನೇರಪ್ರಸಾರ ಬಹಳ ಮನೆಗಳಿಗೆ ಬೇಕಾಗಿಲ್ಲ. ಬೇಕೆಂದವರು ಮೊದಲ ಬಾರಿಗೆ ಅನುಮತಿ ಸಿಗಲು 24 ಗಂಟೆಯವರೆಗೆ ಹಿಡಿಯುತ್ತದೆ, ಮೊಬೈಲಿನಿಂದ ಪ್ರಸಾರ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರಿರಬೇಕು ಎಂಬುದನ್ನು ನೆನಪಿಡಬೇಕು. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಪ್ರಸಾರವೇ ನಿಲ್ಲಬಹುದು. ಮನೆಯ ಹುಡುಗಿ ವಚನ ಹಾಡಿದರೆ ಆ ಭಯವಿಲ್ಲ.

ಮನೆಯ ಸಿದ್ಧತೆ

ದಾವಣಗೆರೆಗೂ ಚಿತ್ರದುರ್ಗಕ್ಕೂ ವಿದ್ಯುತ್ ಪೂರೈಸುವುದು ಬೆಸ್ಕಾಂ. ಮುಂಗಾರು ಪೂರ್ವದ ಗುಡುಗು ಮಳೆಗೆ ಮೇ ತಿಂಗಳ ಸಂಜೆ ಕರೆಂಟು ಹೋಗುವುದು ಇಲ್ಲಿ ಹೊಸತಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೂ ವೈ-ಫೈ ರೂಟರ್ ಅದರ ಲೈನಿಗೆ ಸೇರಿದೆಯೇ ಎಂದು ಹಿಂದಿನ ದಿನ ಮೇನ್ ಸ್ವಿಚ್ ಆರಿಸಿ ಪರೀಕ್ಷಿಸಬೇಕು. ದೀಪ ಫ್ಯಾನುಗಳು ಉರಿದು ತಿರುಗುತ್ತಿದ್ದರೂ ರೂಟರ್ ಸತ್ತಿರುವ ಮನೆಗಳೇ ಹೆಚ್ಚು. ಜೊತೆಗೆ ಒಂದು ಮೊಬೈಲಿನಲ್ಲಿ ಸಾಕಷ್ಟು ಡೇಟಾ ಇಟ್ಟುಕೊಂಡಿರಬೇಕು. ಗುಂಪು ವಿಡಿಯೊ ಕರೆಗೆ ಗಂಟೆಗೆ ಸುಮಾರು ಒಂದು ಜಿ.ಬಿ. ಬೇಕಾಗುತ್ತದೆ, ಚಿತ್ರದ ಗುಣಮಟ್ಟ ಹೆಚ್ಚಿದಷ್ಟೂ ಇದು ಏರುತ್ತದೆ.

ಹಿರಿಯರು ನೋಡಲು ಟಿ.ವಿ.ಯೇ ಬೇಕು. ಲ್ಯಾಪ್‌ಟಾಪನ್ನು ಎಚ್.ಡಿ.ಎಂ.ಐ. ಕೇಬಲ್ಲಿನಿಂದ ಟಿ.ವಿ.ಗೆ ಜೋಡಿಸುವುದು ವೈ-ಫೈ ಮೂಲಕ ಬಿತ್ತರಿಸುವುದಕ್ಕಿಂತ ನಂಬಿಕೆಗೆ ಅರ್ಹ. ಕ್ಯಾಮೆರಾ ಟಿ.ವಿ.ಯ ಪಕ್ಕದಲ್ಲೇ ಇರಬೇಕು. ಇಲ್ಲವಾದರೆ ಅಜ್ಜಿ ಮೊಮ್ಮಗಳನ್ನು ನೋಡುತ್ತಿದ್ದರೂ ಮೊಮ್ಮಗಳಿಗೆ ಅಜ್ಜಿಯ ಕಿವಿ ಮಾತ್ರ ಕಾಣುತ್ತದೆ. ಕಿಟಕಿ ಅಥವಾ ಟ್ಯೂಬ್‌ಲೈಟ್ ಕುಳಿತವರ ಮುಖದ ಕಡೆಗಿರಲಿ, ಬೆನ್ನ ಹಿಂದೆ ಬೇಡ.

ಎಲ್ಲಕ್ಕಿಂತ ಹೆಚ್ಚು ಕರೆಗಳು ಕೆಡುವುದು ಸದ್ದಿನಿಂದ. ಒಂದೇ ಕೋಣೆಯಲ್ಲಿ ಎರಡು ಫೋನ್‌ಗಳು ಅದೇ ಕರೆಯಲ್ಲಿದ್ದರೆ ಒಂದರ ಸ್ಪೀಕರಿನ ಸದ್ದನ್ನು ಇನ್ನೊಂದರ ಮೈಕ್ ಹಿಡಿದು ಮತ್ತೆ ಕಳುಹಿಸುತ್ತದೆ, ಅದು ಸುತ್ತಿ ಬಂದು ಕೀರಲು ದನಿಯಾಗುತ್ತದೆ. ಒಂದು ಮನೆಗೆ ಒಂದೇ ಫೋನ್ ಎಂದು ಆಹ್ವಾನದಲ್ಲಿ ಬರೆಯುವುದು ಈ ಕಾರಣಕ್ಕೆ. ಮಾತನಾಡದವರು ಮೈಕ್ ಮ್ಯೂಟ್ ಮಾಡಬೇಕು. ಮರೆತವರದ್ದನ್ನು ಕರೆ ನಡೆಸುವವರು ತಾವೇ ಮಾಡಿಬಿಡಬೇಕು, ಅದಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಕೀಪ್ಯಾಡ್ ಫೋನ್ ಮಾತ್ರ ಇರುವ ಹಳ್ಳಿಯ ಬಂಧುಗಳಿಗೆ ಅವರ ಸರದಿಯಲ್ಲಿ ಮಾಮೂಲಿ ಕರೆ ಮಾಡಿ, ಆ ಫೋನನ್ನು ಸ್ಪೀಕರಿಗೆ ಹಾಕಿ ಮೈಕಿನ ಬಳಿ ಹಿಡಿದರೆ ಸಾಕಾಗುತ್ತದೆ.

ಕಾರ್ಯಕ್ರಮವನ್ನು ನಡೆಸುವುದು

ಕೇವಲ ಲಿಂಕ್ ಕೊಟ್ಟು ಎಲ್ಲರನ್ನೂ ಸೇರಿಸಿದರೆ ಮೊದಲ ಹತ್ತು ನಿಮಿಷ "ಕೇಳ್ತಾ ಇದೆಯಾ, ಕಾಣ್ತಾ ಇದೀನಾ" ಎಂಬುದರಲ್ಲೇ ಕಳೆದು, ಉಳಿದ ಹೊತ್ತು ಗಟ್ಟಿ ದನಿಯ ಇಬ್ಬರು ಮಾತನಾಡಿ ಮುಗಿಯುತ್ತದೆ. ದೂರದಿಂದ ಸೇರುವವರಿಗೆ ನೋಡುವುದಷ್ಟೇ ಅಲ್ಲ, ಮಾಡಲು ಒಂದು ಕೆಲಸವೂ ಇರಬೇಕು. ಆದ್ದರಿಂದ ಒಬ್ಬ ನಿರೂಪಕರು ಬೇಕೇಬೇಕು. ತಂದೆತಾಯಿ ಈ ಹೊಣೆಯನ್ನು ಹೊರಬಾರದು, ಅವರು ಅಂದು ಮಗಳನ್ನು ನೋಡುತ್ತ ಕೂರಬೇಕಾದವರು. ಬಂಧುಗಳೆಲ್ಲರ ಪರಿಚಯವಿರುವ, ಮುಲಾಜಿಲ್ಲದೆ ಮಾತು ನಿಲ್ಲಿಸಬಲ್ಲ ದೊಡ್ಡಪ್ಪನ ಮಗನೋ ಅತ್ತೆಯ ಮಗಳೋ ತಕ್ಕವರು. "ಯಾರಾದರೂ ಮಾತಾಡಿ" ಎಂದು ಕೇಳುವ ಬದಲು "ಈಗ ಜಗಳೂರಿನ ಚಿಕ್ಕಪ್ಪನವರ ಮನೆಯವರು, ಅವರ ನಂತರ ಬೆಂಗಳೂರಿನ ಅತ್ತೆಯವರು" ಎಂದು ಮುಂದಿನವರನ್ನೂ ಸೇರಿಸಿ ಹೆಸರು ಹೇಳಿ ಕರೆದರೆ ಅವರು ಮೈಕ್ ತೆರೆದು ಸಿದ್ಧರಾಗಿರುತ್ತಾರೆ.

ಹಿರಿಯರಿಗೆ ಮೊದಲ ಸರದಿ ಕೊಡಬೇಕು. ಗೌರವಕ್ಕೆಂದು ಕೊನೆಗೆ ಇರಿಸಿಕೊಂಡರೆ ಅಷ್ಟರಲ್ಲಿ ಅವರು ದಣಿದಿರುತ್ತಾರೆ, ಇಲ್ಲವೇ ಕರೆಯ ಹೊತ್ತು ಮುಗಿಯುತ್ತ ಬಂದಿರುತ್ತದೆ. ಅಜ್ಜಿಯ ಪಕ್ಕದಲ್ಲಿ ಮೊಮ್ಮಕ್ಕಳಲ್ಲೊಬ್ಬರು ಕುಳಿತು, ಅತ್ತಲಿಂದ ಬಂದ ಮಾತನ್ನು ಅಗತ್ಯವಿದ್ದಾಗ ಕಿವಿಯ ಬಳಿ ಮತ್ತೆ ಹೇಳಬೇಕು.

ನಮ್ಮಲ್ಲಿ ಸನ್ಮಾನವೆಂದರೆ ಶಾಲು, ಹಾರ, ಮೈಸೂರು ಪೇಟ. ಇದನ್ನು ದೂರದಿಂದಲೂ ಮಾಡಬಹುದು. ಆ ದೇಶಕ್ಕೆ ಹೊರಟ ಪರಿಚಯಸ್ಥರ ಕೈಯಲ್ಲಿ ಮೊದಲೇ ಶಾಲು, ಪೇಟಗಳನ್ನು ಕಳುಹಿಸಿ, ಮಗಳ ಜೊತೆ ಕೋಣೆ ಹಂಚಿಕೊಂಡಿರುವ ಗೆಳತಿಗೆ ವಿಷಯ ತಿಳಿಸಿಟ್ಟಿರಬೇಕು. ಇತ್ತ ಅಜ್ಜಿ ಹರಸಿ ಅಕ್ಷತೆ ಹಾಕುವ ಹೊತ್ತಿಗೆ ಅತ್ತ ಗೆಳತಿ ಮನೆಯವರ ಪರವಾಗಿ ಶಾಲು ಹೊದಿಸುತ್ತಾಳೆ. ಆ ಗೆಳತಿ ತೆಲುಗಿನವಳೋ ಚೀನಾದವಳೋ ಆಗಿದ್ದರೂ ಅಡ್ಡಿಯಿಲ್ಲ. ಇಡೀ ಕಾರ್ಯಕ್ರಮದಲ್ಲಿ ಜನ ನೆನಪಿಟ್ಟುಕೊಳ್ಳುವುದು ಬಹುಶಃ ಇದನ್ನೇ. ತೆರೆಗೆ ಆರತಿ ಎತ್ತುವುದನ್ನು ನೋಡಿ ನಗುವವರು ನಗಲಿ, ಅಜ್ಜಿಗೆ ಬೇಕೆನಿಸಿದರೆ ಎತ್ತಲಿ. ಆದರೆ ದೀಪವನ್ನು ಟಿ.ವಿ.ಯಿಂದ ಒಂದು ಮೊಳ ದೂರ ಹಿಡಿಯಬೇಕು, ಉತ್ಸಾಹದಲ್ಲಿ ಪರದೆಗೇ ಕುಂಕುಮವಿಡುವುದನ್ನು ತಡೆಯಬೇಕು.

ಪದವೀಧರೆ ಕಪ್ಪು ಗೌನು, ಟೋಪಿ ಧರಿಸಿಯೇ ಕರೆಗೆ ಬರಬೇಕು. ಬಾಡಿಗೆಯ ಗೌನಾದರೆ ಹಿಂದಿರುಗಿಸುವ ದಿನವನ್ನು ಮೊದಲೇ ವಿಚಾರಿಸಿಕೊಂಡಿರಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅದೇ ದಿನ ಒಪ್ಪಿಸಬೇಕಾಗುವುದರಿಂದ ಅಂಥವರು ಪೂರ್ಣಾಕೃತಿಯ ಒಂದು ಒಳ್ಳೆಯ ಚಿತ್ರ ತೆಗೆಸಿಕೊಂಡು ತೋರಿಸಬಹುದು. ಅವಳು ಮಾತನಾಡಬೇಕಾದುದು ಧನ್ಯವಾದಗಳ ಪಟ್ಟಿಯನ್ನಲ್ಲ. ತಾನು ಏನನ್ನು ಓದಿದೆ, ಅದರಿಂದ ಏನು ಮಾಡಬಹುದು ಎಂಬುದನ್ನು, ಮೆಕ್ಕೆಜೋಳ ಬೆಳೆಯುವ ದೊಡ್ಡಪ್ಪನವರಿಗೆ ತಿಳಿಯುವಂತೆ, ಮೂರು ನಿಮಿಷ ಕನ್ನಡದಲ್ಲಿ ಹೇಳಲಿ. ಇದಕ್ಕೆ ತಯಾರಿ ಬೇಕು, ಏಕೆಂದರೆ ಎರಡು ವರ್ಷ ಇಂಗ್ಲಿಷಿನಲ್ಲೇ ಓದಿದ್ದನ್ನು ಥಟ್ಟನೆ ಕನ್ನಡದಲ್ಲಿ ಹೇಳಲು ಬಾಯಿ ತಡವರಿಸುತ್ತದೆ. ಗ್ರಂಥಾಲಯ, ಪ್ರಯೋಗಾಲಯ, ತನ್ನ ಮೇಜನ್ನು ತೋರಿಸುವ ಎರಡು ನಿಮಿಷದ ವಿಡಿಯೊವನ್ನು ಮೊದಲೇ ಮಾಡಿಟ್ಟು ಕರೆಯಲ್ಲಿ ತೋರಿಸಿದರೆ, ಮಗಳು ಇಷ್ಟು ದಿನ ಎಲ್ಲಿದ್ದಳೆಂಬುದು ಮನೆಯವರ ಕಣ್ಣಿಗೆ ಬರುತ್ತದೆ.

ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು ಇದ್ದರೆ ಅವರನ್ನು ತಪ್ಪದೆ ಕರೆಯಬೇಕು. ಲಿಂಕ್ ಕಳುಹಿಸಿ ಸುಮ್ಮನಾಗದೆ, ಯಾರಾದರೂ ಹುಡುಗರನ್ನು ಅವರ ಮನೆಗೆ ಕಳುಹಿಸಿ, ಫೋನ್ ಹಿಡಿದು ಕೂರಿಸಿ, ಹಣ್ಣು ಕೊಟ್ಟು ಬರುವ ಏರ್ಪಾಡು ಮಾಡಬೇಕು.

ಕೆಲಸ ಸಿಕ್ಕಿತೇ, ಸಂಬಳ ಎಷ್ಟು, ಮದುವೆ ಯಾವಾಗ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. "ಆ ಮಾತು ಊರಿಗೆ ಬಂದಾಗ, ಈಗ ಹೊನ್ನಾಳಿಯ ಮಾವನವರು ಮಾತನಾಡುತ್ತಾರೆ" ಎಂದು ತಡೆದು ಮುಂದೆ ಸಾಗುವುದು ನಿರೂಪಕರ ಕೆಲಸ.

ಕರೆಗೆ ಬರಲಾಗದವರಿಂದ ಮೊದಲೇ ಮಾಡಿಸುವ ವಿಡಿಯೊಗಳು ಅರ್ಧ ನಿಮಿಷ ಮೀರಬಾರದು, ಫೋನನ್ನು ಅಡ್ಡ ಹಿಡಿದು ತೆಗೆದಿರಬೇಕು. ಹಾರೈಸಿ ಎಂದಷ್ಟೇ ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ಅವಳು ಚಿಕ್ಕವಳಿದ್ದಾಗಿನ ಒಂದು ಘಟನೆ ಹೇಳಿ" ಎಂದು ಕೇಳಿದರೆ ಹತ್ತು ಜನರಿಂದ ಹತ್ತು ಕಥೆ ಬರುತ್ತವೆ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊವಾಗಿ ಕಳುಹಿಸಿದರೆ ಚಿತ್ರ ಮಸುಕಾಗುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಬೇಕು, ಜೋಡಿಸಲು ಸಮಯ ಬೇಕಾದ್ದರಿಂದ ನಾಲ್ಕು ದಿನ ಮೊದಲೇ ಗಡುವು ಇಡಬೇಕು.

ತಿಂಡಿ

ದಾವಣಗೆರೆಯ ಮನೆಯಲ್ಲಿ ಬಂಧುಗಳು ಸೇರಿದ ಮೇಲೆ ಬೆಣ್ಣೆ ದೋಸೆಯ ಮಾತು ಬರದೆ ಇರದು. ಕಾವಲಿಯಿಂದ ನೇರವಾಗಿ ತಟ್ಟೆಗೆ ಬಂದರೆ ಮಾತ್ರ ಅದಕ್ಕೆ ರುಚಿ. ಪೊಟ್ಟಣ ಕಟ್ಟಿಸಿ ತಂದರೆ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ದೋಸೆ ಹುಯ್ಯುವವರನ್ನು ಮನೆಗೇ ಕರೆಸುವುದಾದರೆ ಕರೆ ಮುಗಿದ ಮೇಲೆ ಒಲೆ ಹಚ್ಚಿಸಬೇಕು, ಇಲ್ಲವಾದರೆ ಅರ್ಧ ಜನ ಹಿತ್ತಲಿಗೆ ಹೋಗಿರುತ್ತಾರೆ. ಕರೆಯ ನಡುವೆ ಎರಡೂ ಕಡೆಯವರು ಒಟ್ಟಿಗೆ ತಿನ್ನಲು ಮಂಡಕ್ಕಿ, ಮಿರ್ಚಿಯೇ ಸರಿ: ಮಂಡಕ್ಕಿ ಹೊರದೇಶದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಒಗ್ಗರಣೆಗೆ ಐದು ನಿಮಿಷ ಸಾಕು. ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ಬಂಧುಗಳಿಗೆ ಎರಡು ದಿನ ಮುಂಚೆ ಬಸ್ ಪಾರ್ಸೆಲ್‌ನಲ್ಲಿ ಶೇಂಗಾ ಹೋಳಿಗೆ ಕಳುಹಿಸಬಹುದು. ಚಳ್ಳಕೆರೆ ಸೀಮೆಯ ಶೇಂಗಾ ಇರುವಾಗ ಅದಕ್ಕೆ ಕೊರತೆಯಿಲ್ಲ, ಕಾಯಿ ಹೋಳಿಗೆಯಂತೆ ಬೇಗ ಹಳಸುವುದೂ ಇಲ್ಲ. ಹೊರದೇಶಕ್ಕೆ ತಿನಿಸು ಕಳುಹಿಸುವವರು ಆ ದೇಶದ ಸುಂಕದ ನಿಯಮಗಳನ್ನು ಮೊದಲು ನೋಡಿಕೊಳ್ಳಬೇಕು.

ಗೆಳೆಯರ ಕರೆ ಬೇರೆಯೇ ಇರಲಿ

ಗೆಳೆಯರನ್ನು ಬಂಧುಗಳ ಕರೆಗೇ ಸೇರಿಸಿದರೆ ಹಿರಿಯರ ಎದುರು ಅವರು ಬಾಯಿ ಬಿಡುವುದಿಲ್ಲ, ಬಿಟ್ಟರೆ ಹಿರಿಯರಿಗೆ ಹಿಡಿಸುವುದಿಲ್ಲ. ಆತ್ಮೀಯರಾದ ಒಬ್ಬಿಬ್ಬರು ಮನೆಯ ಕಾರ್ಯಕ್ರಮದಲ್ಲಿ ಎರಡು ಮಾತು ಹೇಳಲಿ. ಉಳಿದವರಿಗೆ ಅದೇ ರಾತ್ರಿ ತಡವಾಗಿಯೋ ಮರುದಿನವೋ ಬೇರೆ ಲಿಂಕ್ ಇರಲಿ. ಅದಕ್ಕೆ ನಿರೂಪಕರೂ ಬೇಡ, ಪಟ್ಟಿಯೂ ಬೇಡ. ಹಾಸ್ಟೆಲಿನ ಹಳೆಯ ಫೋಟೊಗಳನ್ನು ಒಂದೆಡೆ ಸೇರಿಸಿ ತೆರೆಯ ಮೇಲೆ ಒಂದೊಂದಾಗಿ ತೋರಿಸುತ್ತ ಹೋದರೆ ಮಾತು ತಾನೇ ಹರಿಯುತ್ತದೆ. ಈ ಕರೆಗೆ ತಂದೆತಾಯಿ ಇಣುಕಬಾರದು.

ಮುಗಿದ ಮೇಲೆ

ಕರೆಯನ್ನು ಮುದ್ರಿಸಿಕೊಳ್ಳುವುದಾದರೆ ಆರಂಭದಲ್ಲೇ ಎಲ್ಲರಿಗೂ ತಿಳಿಸಿರಬೇಕು. ಮುದ್ರಣವನ್ನು ಹಾಗೆಯೇ ಹಂಚದೆ, ಅಜ್ಜಿಯ ಹರಕೆ, ಶಾಲು ಹೊದಿಸಿದ್ದು, ಮಗಳ ಮಾತು ಈ ಮೂರನ್ನು ಕತ್ತರಿಸಿ ಕಳುಹಿಸಿದರೆ ಜನ ನೋಡುತ್ತಾರೆ. ಮುಯ್ಯಿ ಮಾಡಬೇಕೆನ್ನುವವರು ತಾಯಿಯ ಕೈಗೋ ಖಾತೆಗೋ ಕೊಡಲಿ, ಹೊರದೇಶದ ಖಾತೆಗೆ ಕಳುಹಿಸುವ ಗೋಜಿಗೆ ಹೋಗುವುದು ಬೇಡ; ಯಾರು ಎಷ್ಟು ಕೊಟ್ಟರೆಂದು ಮುಯ್ಯಿ ಪುಸ್ತಕದಲ್ಲಿ ಎಂದಿನಂತೆ ಬರೆದಿಡಬೇಕು. ಪದವಿ ಪತ್ರ ಬಂದ ಮೇಲೆ ಅದರ ಚಿತ್ರವನ್ನು ಸ್ಟೇಟಸ್ಸಿಗೆ ಹಾಕುವ ಆಸೆ ಸಹಜ. ಆದರೆ ನೋಂದಣಿ ಸಂಖ್ಯೆ, ಜನ್ಮದಿನಾಂಕ, ಸಹಿಗಳಿರುವ ಭಾಗವನ್ನು ಮುಚ್ಚದೆ ಹಾಕಬಾರದು. ವಿ.ಟಿ.ಯು. ಪದವೀಧರರು ಯು.ಎಸ್.ಎನ್. ಸಂಖ್ಯೆಯನ್ನೂ ಮರೆಮಾಡಬೇಕು. ಸ್ಥಳೀಯ ಪತ್ರಿಕೆಯಲ್ಲಿ ಅಭಿನಂದನೆಯ ಜಾಹೀರಾತು ಕೊಡುವ ಬಂಧುಗಳು ಇದ್ದೇ ಇರುತ್ತಾರೆ. ಅವರಿಗೆ ಪದವಿಯ ಹೆಸರು, ವಿಶ್ವವಿದ್ಯಾಲಯದ ಹೆಸರು ಮತ್ತು ಒಳ್ಳೆಯ ಒಂದು ಫೋಟೊವನ್ನು ಮನೆಯವರೇ ಬರೆದು ಕೊಟ್ಟರೆ ತಪ್ಪುಗಳಿಲ್ಲದೆ ಅಚ್ಚಾಗುತ್ತದೆ.